ಬಿಟ್ಟುಕೊಟ್ಟ ಬಿಸಿಲು

ಬೈರಿದೇವರಕೊಪ್ಪ, ಹುಬ್ಬಳ್ಳಿ
೨೦ ಏಪ್ರಿಲ್ ೨೦೨೫, ರವಿವಾರ

ಪ್ರೀತಿಯ ಸೌಮ್ಯಾ,

ನೀನೂ ಕೂಸೂ ತಣ್ಣಗಿರಿ ಎಂದು ಮೊದಲು ಹರಸಿ ಆಮೇಲೆ ಮುಂದಿನದು ಬರೆಯುತ್ತೇನೆ. ಮೈ ಹೇಗಿದೆ? ಬೆನ್ನು ನೋವು ಇಳಿಯಿತೋ, ಇನ್ನೂ ಕಾಡುತ್ತಿದೆಯೋ? ನಿನ್ನ ತವರು ಗರಗದಲ್ಲಿ ಸಂಜೆಯ ಗಾಳಿ ಜೋರು. ತಲೆಗೆ ಅರಿವೆ ಕಟ್ಟಿಕೊಳ್ಳದೆ ಹೊರಗೆ ಬರಬೇಡ. ಮಗಳ ಬಾಣಂತನ ಹೇಗೆ ಮಾಡಬೇಕೆಂದು ಬೀಗತಿ ದಾಕ್ಷಾಯಿಣಿಯವರು ನನ್ನಿಂದ ಕಲಿಯಬೇಕಾಗಿಲ್ಲ, ಅದು ನನಗೂ ಗೊತ್ತು. ಆದರೆ ನಿನ್ನ ಅತ್ತೆಯ ಬಾಯಿ ನಿನಗೆ ಗೊತ್ತಲ್ಲ, ಹೇಳದಿದ್ದರೆ ಉಂಡದ್ದು ಅರಗುವುದಿಲ್ಲ. ಅಂಟಿನ ಉಂಡಿ ಕಳಿಸಿದ್ದೆನಲ್ಲ, ತಿಂದೆಯಾ? ಬಂದವರಿಗೆಲ್ಲ ಹಂಚಿ ಡಬ್ಬಿ ಖಾಲಿ ಮಾಡಬೇಡ. ಅದು ಬಾಣಂತಿಗೆಂದು ಮಾಡಿದ್ದು. ಬಸವಕಿರಣ ಕೂಸಿನ ಫೋಟೋ ತೋರಿಸಿದ. ಮೂಗು ನಮ್ಮ ಮನೆಯದೇ. ನಿನ್ನ ಮಾವ ಮಾತ್ರ ‘ಮೂಗು ಗರಗದ್ದ ಐತಿ’ ಎಂದು ವಾದ ಹೂಡಿದ್ದಾರೆ. ಅವರನ್ನು ಕಣ್ಣಿನ ಡಾಕ್ಟರಿಗೆ ತೋರಿಸಬೇಕು.

ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಫೋನಿರುವಾಗ ಈ ಮುದುಕಿ ಕಾಗದ ಯಾಕೆ ಬರೆಯುತ್ತಾಳೆ ಎಂದು ನೀನು ಕೇಳಬಹುದು. ನಾನು ಫೋನಿನಲ್ಲಿ ಮಾತಾಡಿದರೆ ಜಗಳ ತೆಗೆದ ಹಾಗೆ ಕೇಳಿಸುತ್ತದಂತೆ, ನಿನ್ನ ಮಾವನ ಮಾತು. ಕಾಗದದಲ್ಲಿ ದನಿ ಏರುವುದಿಲ್ಲ. ಏಳನೇ ಇಯತ್ತೆಯವರೆಗೆ ಕಲಿತವಳು ನಾನು. ಪೆನ್ನು ಹಿಡಿದರೆ ಪುಸ್ತಕದ ಭಾಷೆ ತಾನಾಗಿ ಬರುತ್ತದೆ. ಸಾಲಿ ಟೀಚರ್ ನೀನು, ಓದಿ ನಗಬೇಡ. ಇನ್ನೊಂದು ಕಾರಣವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಪಕ್ಕದ ಮನೆಯ ಲಾಲಬಿ ಮೊನ್ನೆ ಗೋಡೆಯ ಆಚೆಯಿಂದಲೇ ಕೇಳಿದಳು: ‘ಗೌರಕ್ಕಾ, ಮಗಾ ಸೊಸಿ ಧಾರವಾಡಕ್ಕ ಹೊಂಟಾರಂತ, ಖರೇ ಏನ?’ ಅವಳ ಗಂಡ ನಿಜಾಮುದ್ದೀನನ ಹತ್ತಿರ ಬಸವಕಿರಣ ಸಾಮಾನು ಸಾಗಿಸಲು ಟೆಂಪೋ ಕೇಳಿದ್ದಾನಂತೆ. ನಿನ್ನ ಸಾಲಿಯ ಹತ್ತಿರ ಬಾಡಿಗೆ ಮನೆ ನೋಡಿದ್ದಾನಂತೆ. ನೀನು ಗರಗದಿಂದ ಕೂಸನ್ನು ಎತ್ತಿಕೊಂಡು ನೇರ ಅಲ್ಲಿಗೇ ಹೋಗುತ್ತೀಯಂತೆ. ನನ್ನ ಮಗ ಏನು ಮಾಡುತ್ತಾನೆಂಬುದು ನನಗೆ ಪಕ್ಕದ ಮನೆಯಿಂದ ಗೊತ್ತಾಗಬೇಕು ನೋಡು! ಲಾಲಬಿಯ ಮುಂದೆ ‘ಹೌದವಾ, ನನಗ ಗೊತ್ತೈತಿ’ ಎಂದು ತಲೆಯಾಡಿಸಿದೆ. ಒಳಗೆ ಬಂದು ಅಡುಗೆಮನೆಯ ಮೂಲೆಯಲ್ಲಿ ಕೂತು ಕಣ್ಣೀರು ಹಾಕಿದೆ. ಸಾಲಿ ದೂರವಾಗುತ್ತದೆ ಎಂಬುದು ಸುಳ್ಳಲ್ಲ. ಆದರೆ ಚಿಗರಿ ಬಸ್ಸಿನಲ್ಲಿ ನೀನು ಮದುವೆಯಾದಾಗಿನಿಂದ ಹೋಗಿ ಬರುತ್ತಿದ್ದವಳು, ಒಂದು ದಿನವೂ ದೂರ ಅಂದವಳಲ್ಲ. ಕಾರಣ ಬಸ್ಸಲ್ಲ, ಮಾಳಿಗೆ. ಅದು ನಿನಗೂ ಗೊತ್ತು, ನನಗೂ ಗೊತ್ತು.

ಕ್ಷಮೆ ಕೇಳಲು ನಾನು ಈ ಕಾಗದ ಹಿಡಿದಿಲ್ಲ. ಅದು ನನ್ನ ಜಾಯಮಾನದಲ್ಲಿಲ್ಲ, ನೀನು ಕಾಯುತ್ತಾ ಕೂರಬೇಡ. ನಿನ್ನ ಉಪಕಾರ ಹೇಳಲು ಹಿಡಿದಿದ್ದೇನೆ. ಅದಕ್ಕೆ ನಡೆದದ್ದನ್ನೆಲ್ಲ ಒಮ್ಮೆ ತಿರುವಿ ಹಾಕಬೇಕು. ನಿನ್ನ ಬಸುರಿನ ಕುಬಸ ಮುಗಿದ ವಾರ ಅದು. ಮಾಳಿಗೆಯ ಮೇಲೆ ಹಾಕಿಸಲು ನೀವು ಗಂಡಹೆಂಡತಿ ಕೂಡಿ ಹೇಳಿದ್ದ ಸೋಲಾರ್ ಹಚ್ಚುವವರು ಸಾಮಾನು ತಂದು ಅಂಗಳದಲ್ಲಿ ಇಳಿಸಿದರು. ಮಾಳಿಗೆ ನನ್ನದು. ನಾನು ಸೊಸೆಯಾಗಿ ಈ ಮನೆಗೆ ಬಂದಾಗಿನಿಂದ ವರ್ಷದ ಸಂಡಿಗೆ, ಹಪ್ಪಳ, ಖಾರದ ಮೆಣಸಿನಕಾಯಿ ಎಲ್ಲ ಒಣಗಿದ್ದು ಅಲ್ಲಿ. ಲಾಲಬಿಯದು ತಗಡಿನ ಮನೆ, ಅವಳ ರಂಜಾನ್ ಶಾವಿಗೆಯೂ ಅಲ್ಲೇ. ಈ ಗಾಜುಗಳು ಬಿಸಿಲು ನುಂಗಿದ ಮೇಲೆ ನಾವು ನೆರಳಲ್ಲಿ ಸಂಡಿಗೆ ಒಣಗಿಸಬೇಕೇನು ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದೆ. ಮಾಳಿಗೆಯ ಬಾಗಿಲಿಗೆ ಕೀಲಿ ಜಡಿದು ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅವರು ಸಾಮಾನನ್ನು ಅಲ್ಲೇ ಬಿಟ್ಟು ಹೋದರು. ನೀನು ತುಂಬಿದ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತಿದ್ದೆ. ಏನೋ ಹೇಳಲು ಬಾಯಿ ತೆಗೆದೆ, ನಾನು ಬಿಡಲಿಲ್ಲ. ಮತ್ತೆ ತೆಗೆದೆ, ಮತ್ತೆ ಬಿಡಲಿಲ್ಲ. ಕಡೆಗೆ ದನಿ ಏರಿಸದೆ ನೀನು ಅಂದದ್ದು ಇಷ್ಟು: ‘ಮಾಳಿಗಿ ನಿಮ್ಮದ ಇರ್ಲಿ ಬಿಡ್ರಿ ಅತ್ತಿ. ನಮ್ಮ ಪಾಲಿನ ಬಿಸಲ ನಾವ ಎಲ್ಲೆರೆ ನೋಡ್ಕೋತೇವಿ.’ ಮರುದಿನ ನಿಮ್ಮಪ್ಪ ಗುರುಪಾದಪ್ಪನವರು ಬಂದು ನಿನ್ನನ್ನು ಹೆರಿಗೆಗೆ ಕರೆದುಕೊಂಡು ಹೋದರು. ನೀನು ಬಯ್ದಿದ್ದರೆ ನಾನೂ ನಾಲ್ಕು ಬಯ್ದು ಮರೆತುಬಿಡುತ್ತಿದ್ದೆ. ಆ ಮಾತನ್ನು ಮಾತ್ರ ಮರೆಯಲು ಬರಲಿಲ್ಲ.

ನೀನು ಹೋದ ಮೇಲೆ ಮನೆ ಭಣಭಣ ಅನ್ನತೊಡಗಿತು. ಸಂಜೆ ಬಸ್ಸಿನ ಹೊತ್ತಿಗೆ ಚಹಾಕ್ಕೆ ಒಂದು ಕಪ್ಪು ಹೆಚ್ಚು ನೀರಿಟ್ಟು, ಆಮೇಲೆ ನೆನಪಾಗಿ ನಾನೇ ಎರಡು ಸಲ ಕುಡಿಯುತ್ತಿದ್ದೆ. ಅಂಗಳದಲ್ಲಿದ್ದ ಪ್ಯಾನೆಲ್ಲುಗಳನ್ನು ನೋಡಿದಾಗಲೆಲ್ಲ ನೀನೇ ಮುನಿಸಿಕೊಂಡು ಗೋಡೆಗೆ ಮುಖ ಮಾಡಿ ಕೂತಂತೆ ಕಾಣುತ್ತಿತ್ತು. ಒಂದು ದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿದವಳೇ ಮಗನಿಗೆ ಹೇಳಿದೆ, ‘ಕರೀಪಾ ಅವ್ರನ್ನ, ಹಚ್ಚಿ ಹೋಗ್ಲಿ ಅತ್ತಾಗ.’ ಅಳತೆಗೆ ಬಂದಿದ್ದ ಶಶಿಕುಮಾರನೇ ಆಳುಗಳೊಡನೆ ಬಂದ. ಇಡೀ ಮಾಳಿಗೆ ಹೇಗೆ ಹಿಡಿಯುತ್ತಾರೋ ನೋಡಿಯೇ ಬಿಡುತ್ತೇನೆ ಎಂದು ನಾನು ಕುರ್ಚಿ ಒಯ್ದು ನಟ್ಟನಡುವೆ ಹಾಕಿಕೊಂಡು ಕೂತೆ. ಅವರು ಪಡುವಲ ಅರ್ಧದಲ್ಲಷ್ಟೇ ಕಂಬಿ ನಿಲ್ಲಿಸಿ, ಸೊಂಟದೆತ್ತರಕ್ಕೆ ಪ್ಯಾನೆಲ್ ಕೂಡಿಸಿ, ಮೂಡಲ ಅರ್ಧಕ್ಕೆ ಕಾಲೂ ಇಡದೆ ಇಳಿದು ಹೋದರು. ನನಗೆ ಬಂದ ಗರ್ವವನ್ನು ನೀನು ನೋಡಬೇಕಾಗಿತ್ತು. ಲಾಲಬಿಯನ್ನು ಕರೆದು ತೋರಿಸಿದೆ, ‘ನನ್ನ ನೋಡಿ ಅಂಜಿ ಅರ್ಧಾ ಬಿಟ್ಟು ಓಡಿದ್ರ ನೋಡ.’ ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಗರಗಕ್ಕೆ ಬಂದಾಗಲೂ ಅದೇ ಗರ್ವದಲ್ಲಿ ಬಂದಿದ್ದೆ. ಕೂಸನ್ನು ತೊಡೆಯ ಮೇಲಿನಿಂದ ಇಳಿಸಲಿಲ್ಲ, ನಿನ್ನ ಜೊತೆ ಮಾತ್ರ ‘ಉಂಡ್ಯಾ, ಮಲಗಿದ್ಯಾ’ ಬಿಟ್ಟು ಬೇರೆ ಮಾತಾಡಲಿಲ್ಲ.

ಈಗ ಮನೆಯ ಸುದ್ದಿ. ಹತ್ತಿ ವ್ಯಾಪಾರ ಬಿಟ್ಟರೂ ನಿನ್ನ ಮಾವನಿಗೆ ಧಾರಣಿ ಕೂಗುವ ಚಟ ಹೋಗಿರಲಿಲ್ಲ. ಈಗ ಅದಕ್ಕೆ ಸರಕು ಸಿಕ್ಕಿದೆ. ಮಾಳಿಗೆಯಲ್ಲಿ ಎಷ್ಟು ಕರೆಂಟು ಹುಟ್ಟಿತೆಂದು ನೋಡಲು ಬಸವಕಿರಣ ಅವರ ಫೋನಿನಲ್ಲಿ ಏನೋ ಹಾಕಿಕೊಟ್ಟಿದ್ದಾನೆ. ಬಿಸಿಲೇರಿದರೆ ಹತ್ತಿಯ ಧಾರಣಿ ಏರಿದ ಹಾಗೆ ಕಟ್ಟೆಯ ಮೇಲಿಂದಲೇ ‘ತೇಜಿ ಐತಿ, ತೇಜಿ!’ ಎಂದು ಕೂಗುತ್ತಾರೆ. ಒಂದು ತುಂಡು ಮೋಡ ಬಂದರೆ ‘ಮಾರ್ಕೆಟ್ ಬಿತ್ತು’ ಎಂದು ಮುಖ ಸಣ್ಣ ಮಾಡುತ್ತಾರೆ. ನಾವು ಬಳಸಿ ಉಳಿದ ಕರೆಂಟು ತಂತಿ ಹಿಡಿದು ಊರಿಗೂ ಹೋಗುತ್ತದೆ ಎಂಬುದನ್ನು ಕೇಳಿಸಿಕೊಳ್ಳದೆ ನಮ್ಮ ಮನೆಯಲ್ಲಿ ಯಾರಿಗೂ ಚಹಾ ಸಿಗುವುದಿಲ್ಲ. ಒಂದು ಮಧ್ಯಾಹ್ನ ಓಣಿಯ ಕರೆಂಟು ಹೋದಾಗ ನಮ್ಮದೂ ಹೋಯಿತು. ಅವರ ಸಿಟ್ಟು ಏನು ಕೇಳುತ್ತೀ! ‘ಸೂರ್ಯ ನೆತ್ತಿ ಮ್ಯಾಲೆ ನಿಂತಾನ, ನಮ್ಮ ಫ್ಯಾನ್ ಯಾಕ ನಿಂತೈತಿ?’ ಎಂದು ಶಶಿಕುಮಾರನಿಗೆ ಫೋನ್ ಹಚ್ಚಿದರು. ತಂತಿ ರಿಪೇರಿಗೆ ಯಾರಾದರೂ ಕಂಬ ಹತ್ತಿದ್ದರೆ ನಮ್ಮ ಕರೆಂಟು ಹೋಗಿ ಅವರಿಗೆ ಹೊಡೆಯಬಾರದೆಂದು ಅದು ತಾನಾಗಿಯೇ ಬಂದಾಗುತ್ತದಂತೆ. ನಿನ್ನ ಮಾವ ಗೊಣಗಿದರು. ನನಗೆ ಮಾತ್ರ ಆ ಸಂಗತಿ ಬಹಳ ಹಿಡಿಸಿತು. ಕಾಣದ ಮನುಷ್ಯನ ಜೀವದ ಮೇಲೆ ಇಷ್ಟು ಕಾಳಜಿ ಇರುವ ಯಂತ್ರ ಮನೆಯಲ್ಲಿದ್ದರೆ ಇರಲಿ ಬಿಡು ಅಂದುಕೊಂಡೆ.

ನಿನ್ನ ತವರಿನವರು ಮದುವೆಯಲ್ಲಿ ಕೊಟ್ಟ ಬಟ್ಟೆ ಒಗೆಯುವ ಮಷೀನಿಗೆ ನಾನು ಕಸೂತಿಯ ಬಟ್ಟೆ ಹೊದಿಸಿ ಇಟ್ಟಿದ್ದು ನೆನಪಿದೆಯಲ್ಲ? ಕರೆಂಟು ತಿನ್ನುತ್ತದೆ ಎಂದು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಬಸುರಿಯಾದ ನೀನು ಬಚ್ಚಲಲ್ಲಿ ಕೂತು ಚಾದರ ಹಿಂಡುತ್ತಿದ್ದೆ. ಹೋಳಿ ಹುಣ್ಣಿಮೆಯ ಹಿಂದುಮುಂದು ನನ್ನ ಮುಂಗೈ ಬಾತು ರೊಟ್ಟಿ ತಟ್ಟಲೂ ಆಗದೆ ಹೋದಾಗ ಬಸವಕಿರಣ ಹಟ ಹಿಡಿದು ಕಸೂತಿ ಸರಿಸಿದ. ‘ಅವ್ವಾ, ಇದು ಮಾಳಿಗಿ ಮ್ಯಾಲಿನ ಬಿಸಲ ತಿಂತೈತಿ, ನಿನ್ನ ಗಂಟೇನ ತಿನ್ನೂದಿಲ್ಲ’ ಅಂದ. ಮಷೀನು ಗರಗರ ತಿರುಗುವಾಗ ನಾನು ಎದುರಿಗೆ ಮಣೆ ಹಾಕಿಕೊಂಡು ಕೂತು ನೋಡಿದೆ. ನಿನ್ನ ಕೈಗಳು ಕಣ್ಣ ಮುಂದೆ ಬಂದವು. ಈಗ ಬಿಸಿಲಿರುವಾಗಲೇ ಅದನ್ನು ಹಾಕುತ್ತೇನೆ, ಗ್ರೈಂಡರಿಗೆ ಹಿಟ್ಟು ಹಾಕುತ್ತೇನೆ, ಮಧ್ಯಾಹ್ನ ಫ್ಯಾನಿನ ಕೆಳಗೆ ಕಾಲು ಚಾಚಿ ಮಲಗುತ್ತೇನೆ. ಮೊದಲಿನ ಹಾಗೆ ಎದ್ದೆದ್ದು ಹೋಗಿ ಆರಿಸುವುದಿಲ್ಲ. ಈ ಸುಡುಬಿಸಿಲಲ್ಲಿ ಗಾಳಿ ಮೈಗೆ ತಾಗಿದಾಗಲೆಲ್ಲ ‘ನನ್ನ ಸೊಸಿ ಪುಣ್ಯಾ’ ಎಂದು ಬಾಯಿಗೆ ಬರುತ್ತದೆ. ಮೊದಮೊದಲು ಯಾರಿಗೂ ಕೇಳದ ಹಾಗೆ ಅನ್ನುತ್ತಿದ್ದೆ. ಈಗ ಕೇಳಿಸುವ ಹಾಗೇ ಅನ್ನುತ್ತೇನೆ.

ಇನ್ನು ನಗುವ ಸುದ್ದಿ. ನಗು, ಆದರೆ ಸಾಲಿಯಲ್ಲಿ ಹೇಳಬೇಡ. ರಂಜಾನ್ ಮುಗಿಯಲು ಬಂದಿತ್ತು. ಲಾಲಬಿ ತನ್ನ ಶಾವಿಗೆ ತಂದು ಮೂಡಲ ಅರ್ಧದಲ್ಲಿ ಹರವಿದಳು. ನನ್ನ ಸಾಬೂದಾಣಿ ಸಂಡಿಗೆಯ ಹಿಟ್ಟು ದೊಡ್ಡ ಪಾತ್ರೆಯ ತುಂಬ ಇತ್ತು, ಜಾಗ ಸಾಲಲಿಲ್ಲ. ಗಾಜಿನ ಪ್ಯಾನೆಲ್ ಮುಟ್ಟಿ ನೋಡಿದೆ. ಕಾದಿತ್ತು, ಸ್ವಚ್ಛವಾಗಿತ್ತು, ಇರುವೆಯ ಕಾಟವಿಲ್ಲ. ಇಂಥ ಛಲೋ ಜಾಗ ಸುಮ್ಮನೆ ಖಾಲಿ ಬಿದ್ದಿದೆಯಲ್ಲ ಎಂದು ಪಾತ್ರೆಯನ್ನು ಅಲ್ಲಿಗೇ ಎಳೆದುಕೊಂಡೆ. ಲಾಲಬಿ ‘ಬ್ಯಾಡ ಗೌರಕ್ಕಾ, ಕರೆಂಟ ಹೊಡದೀತ’ ಅಂದಳು. ‘ಗಾಜಿಗೆ ಎಲ್ಲೀ ಕರೆಂಟ, ಸುಮ್ನಿರ’ ಎಂದು ಚಮಚದಿಂದ ಬಿಡುತ್ತಾ ಹೋದೆ. ಕೆಳಗಿನ ಅಂಚಿನುದ್ದಕ್ಕೂ ಸಂಡಿಗೆ ಸಾಲಾಗಿ ಕೂತವು, ಎಷ್ಟು ಚೆಂದ ಕಂಡವು ಅಂತೀ! ಅವಳೂ ರೋಜಾ ಹಿಡಿದ ಬಾಯಲ್ಲೇ ನಗುತ್ತಾ ಕೈ ಕೂಡಿಸಿದಳು. ಅಷ್ಟರಲ್ಲಿ ಕೆಳಗಿನಿಂದ ನಿನ್ನ ಮಾವನ ಕೂಗು, ‘ಅಯ್ಯಯ್ಯೋ, ಮಾರ್ಕೆಟ್ ಬಿತ್ತು! ಮಾರ್ಕೆಟ್ ಬಿತ್ತು!’ ತಲೆಯೆತ್ತಿ ನೋಡಿದೆ, ಆಕಾಶದಲ್ಲಿ ಮೋಡದ ಚೂರೂ ಇಲ್ಲ. ಇವರಿಗೆ ಬಿಸಿಲು ತಲೆಗೇರಿತೆಂದು ನಾವು ನಮ್ಮ ಕೆಲಸ ಮುಂದುವರಿಸಿದೆವು.

ಯಂತ್ರವೇ ಕೆಟ್ಟಿತೆಂದು ಅವರು ಶಶಿಕುಮಾರನನ್ನು ಕರೆಸಿದರು. ಅವನು ಮಾಳಿಗೆ ಹತ್ತಿ ಬಂದವನು ಬಾಗಿಲಲ್ಲೇ ನಿಂತು ತಲೆಯ ಮೇಲೆ ಕೈ ಇಟ್ಟುಕೊಂಡ. ‘ಅಮ್ಮಾರ, ಏನ ಮಾಡೀರಿ ಇದು? ಸ್ವಲ್ಪ ಮುಚ್ಚಿದ್ರೂ ಪ್ಯಾನೆಲ್ಲಿನ ಇಡೀ ಸಾಲ ಮಂದ ಆಗ್ತೈತ್ರಿ!’ ನಾನು ‘ಒಣಗಿದ ಕೂಡ್ಲೇ ತಗೀತೇವಪಾ, ಸಂಜೀತನಕ ತಡೀ’ ಅಂದೆ. ಒಣಗಿದ ಮೇಲೆ ಅವು ಗಾಜನ್ನು ಕಚ್ಚಿ ಕೂತವು, ಬಿಡಲೊಲ್ಲವು. ಕೆರೆಯುವಂತಿಲ್ಲ, ಗೀರು ಬೀಳುತ್ತದೆ. ಕಾದ ಗಾಜಿನ ಮೇಲೆ ತಣ್ಣೀರು ಸುರಿಯುವಂತಿಲ್ಲ, ಸೀಳುತ್ತದೆ. ಹೊತ್ತು ಇಳಿದ ಮೇಲೆ ಹಸಿ ಅರಿವೆ ಹಾಸಿ ನೆನೆಸಿ, ನಾನೂ ಲಾಲಬಿಯೂ ಒಂದೊಂದಾಗಿ ಬಿಡಿಸಲು ಕೂತೆವು. ಈ ವರ್ಷದ ನನ್ನ ಸಂಡಿಗೆಯೆಲ್ಲ ನಿಜಾಮುದ್ದೀನನ ಆಡಿನ ಹೊಟ್ಟೆ ಸೇರಿತು.

ಅಲ್ಲಿಗೇ ಸುಮ್ಮನಿದ್ದರೆ ನಾನು ಗೌರಕ್ಕ ಹೇಗಾದೇನು? ಸಂಜೆ ಮತ್ತೆ ನೋಡಲು ಬಂದ ಶಶಿಕುಮಾರನನ್ನು ಕೆಣಕಿದೆ. ಅರ್ಧ ಮಾಳಿಗೆ ನನಗೆ ಸಾಲುವುದಿಲ್ಲ, ಅಂಜಿಕೊಂಡು ಬಿಡುವವನು ಪೂರ್ತಿ ಬಿಟ್ಟು ಹೋಗಬೇಕಾಗಿತ್ತು ಎಂದೆ. ಅವನು ನಕ್ಕುಬಿಟ್ಟ. ‘ಅಂಜಿ ಬಿಟ್ಟಿಲ್ರಿ ಅಮ್ಮಾರ. ಈ ಪಡುವಲ ಕಡೆ ಬಾಜೂ ಬಿಲ್ಡಿಂಗಿನ ನೆರಳ ಬೀಳ್ತೈತಿ, ಹೊತ್ತ ಇಳಿಯೂದ್ರಾಗ ಮಂದ ಆಗ್ತಾವ. ಮೂಡಲ ಕಡೆ ಹಾಕಿದ್ರ ಸಂಜೀತನಕ ಬಿಸಲ ಸಿಗ್ತಿತ್ರಿ. ಅಳತಿಗೆ ಬಂದಾಗ ನಾ ಅಲ್ಲೇ ಗುರ್ತ ಹಾಕಿದ್ದೆ. ನಿಮ್ಮ ಸೊಸಿಯಾರ ಅದನ್ನ ಅಳಿಸಿದ್ರು. “ಆ ಬಿಸಲ ನಮ್ಮ ಅತ್ತಿ ಸಂಡಿಗಿದು, ಅದಕ್ಕ ಕೈ ಹಚ್ಚಬ್ಯಾಡ್ರಿ, ನಮಗ ಉಳದದ್ದ ಸಾಕು” ಅಂದ್ರು.’

ಸೌಮ್ಯಾ, ನನ್ನ ಕೈಯಲ್ಲಿದ್ದ ಹಸಿ ಅರಿವೆ ಕೈಯಲ್ಲೇ ಉಳಿಯಿತು. ಅಳತೆಗೆ ಬಂದ ದಿನ ನಾನು ಮಠಕ್ಕೆ ಹೋಗಿದ್ದೆ. ಅದಕ್ಕೂ ಮೊದಲು ಎಷ್ಟೋ ದಿನ ನೀನು ಸಾಲಿಯ ರಜೆ ಬಂದಾಗಲೆಲ್ಲ ಹೊತ್ತುಹೊತ್ತಿಗೆ ಮಾಳಿಗೆ ಹತ್ತಿ ಇಳಿಯುತ್ತಿದ್ದೆ. ‘ಹೊಟ್ಯಾಗ ಕೂಸ ಇಟಗೊಂಡು ಏನ ಅಡ್ಡಾಡ್ತಾಳ ಇಕಿ’ ಎಂದು ನಾನು ಬೇಸರಪಟ್ಟುಕೊಳ್ಳುತ್ತಿದ್ದೆ. ನೀನು ನೆರಳು ಎಲ್ಲೆಲ್ಲಿ ಬೀಳುತ್ತದೆಂದು ನೋಡುತ್ತಿದ್ದೆ. ಬೀಳದ ಜಾಗವನ್ನು ಹುಡುಕಿ ನನಗೆ ಇಟ್ಟೆ. ನಾನು ಕೀಲಿ ಜಡಿದು ಕಾಯುತ್ತಿದ್ದದ್ದು ನೀನು ಆಗಲೇ ಬಿಟ್ಟುಕೊಟ್ಟಿದ್ದ ಬಿಸಿಲನ್ನು. ಮೆಟ್ಟಿಲ ಮೇಲೆ ನಿಂತು ನೀನು ಹೇಳಬೇಕೆಂದಿದ್ದು ಅದೇ ಅಲ್ಲವೇ? ನನ್ನ ಮುಖ ನೋಡಿ ಲಾಲಬಿ ನಗುವುದನ್ನು ನಿಲ್ಲಿಸಿದಳು. ಹತ್ತಿರ ಬಂದು ಭುಜ ಹಿಡಿದು ‘ಇಂಥಾ ಸೊಸಿ ಯಾರಿಗೆ ಸಿಗ್ತಾರ ಗೌರಕ್ಕಾ’ ಅಂದಳು. ‘ನನಗ ಸಿಕ್ಕಾಳಲ್ಲ’ ಎಂದು ಅದೇ ಹಸಿ ಅರಿವೆಯಿಂದ ಮುಖ ಒರೆಸಿಕೊಂಡೆ. ನನ್ನ ಅತ್ತೆ ಇದ್ದಷ್ಟು ದಿನ ನನಗೆ ಈ ಮನೆಯಲ್ಲಿ ಕೂರುವ ಮೂಲೆಯನ್ನೂ ಕೇಳಿ ಪಡೆಯಬೇಕಾಗಿತ್ತು. ಕೇಳದೆ ನನಗಾಗಿ ಜಾಗ ಎತ್ತಿಟ್ಟವಳು ನನ್ನ ಆಯುಷ್ಯದಲ್ಲಿ ನೀನೊಬ್ಬಳೇ.

ಅಂದಿನಿಂದ ಪ್ಯಾನೆಲ್ಲುಗಳ ಧೂಳು ಒರೆಸುವುದು ನನ್ನ ಕೆಲಸ. ವಾರಕ್ಕೊಮ್ಮೆ ಬೆಳಿಗ್ಗೆ ಗಾಜು ಕಾಯುವ ಮೊದಲೇ ಹತ್ತಿ ಹೋಗಿ, ದೇವರ ಮನೆಯ ಜಗಲಿ ಒರೆಸುವ ಹಾಗೆ ಒರೆಸಿ ಬರುತ್ತೇನೆ. ಆ ದಿನ ನಿನ್ನ ಮಾವ ‘ಇವತ್ತ ತೇಜಿ ಯಾಕ ಗೊತ್ತೈತೇನ, ನೀ ಒರಿಸಿದ್ದಿ’ ಎಂದು ಹೊಗಳುತ್ತಾರೆ. ಇಷ್ಟು ವರ್ಷದ ಸಂಸಾರದಲ್ಲಿ ನನ್ನನ್ನು ಹೊಗಳಲು ಅವರಿಗೆ ಒಂದು ಯಂತ್ರ ಬೇಕಾಯಿತು. ಅದೂ ನಿನ್ನ ಉಪಕಾರವೇ.

ಧಾರವಾಡಕ್ಕೆ ಹೋಗಬೇಡ ಎಂದು ನಾನು ಹೇಳುವವಳಲ್ಲ. ನಿಮ್ಮ ಸಂಸಾರ, ನಿಮ್ಮ ಇಚ್ಛೆ. ಹೋದರೆ ಹಪ್ಪಳ, ಖಾರದ ಪುಡಿ, ಕಟಕ ರೊಟ್ಟಿ ಎಲ್ಲ ಕಟ್ಟಿ ಕಳಿಸುತ್ತೇನೆ, ಬಾಗಿಲಲ್ಲಿ ನಿಂತು ಅಳುವುದೂ ಇಲ್ಲ. ಅಷ್ಟು ಮಾತ್ರ ತಿಳಿದಿರಲಿ, ನಿನ್ನ ಪಾಲಿನ ಬಿಸಿಲು ಹುಡುಕಲು ನೀನು ಅಷ್ಟು ದೂರ ಹೋಗಬೇಕಾಗಿಲ್ಲ. ಬಸವ ಜಯಂತಿಯ ಹೊತ್ತಿಗೆ ಕೂಸಿಗೆ ಮೂರು ತಿಂಗಳು ತುಂಬುತ್ತದೆ, ಮನೆಗೆ ಕರೆತರಲು ಛಲೋ ದಿನ ಎಂದು ನಿನ್ನ ಮಾವ ಕ್ಯಾಲೆಂಡರಿನ ಮುಂದೆ ನಿಂತು ನನಗೆ ಕೇಳಿಸುವಂತೆ ಹೇಳುತ್ತಿದ್ದಾರೆ. ನಾನು ಕೇಳಿಸದವಳ ಹಾಗೆ ಇದ್ದೇನೆ. ತೊಟ್ಟಿಲನ್ನು ಒರೆಸಿ ಪಡಸಾಲೆಯಲ್ಲಿ ಫ್ಯಾನಿನ ಕೆಳಗೆ ಇಟ್ಟಿದ್ದೇನೆ, ಅಷ್ಟೇ. ಕೂಸಿನ ಬಟ್ಟೆ ನೀನು ಕೈಯಿಂದ ಹಿಂಡಬೇಕಾಗಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಬೀಗರಿಗೂ ಬೀಗತಿಗೂ ನಮ್ಮಿಬ್ಬರ ಶರಣು ತಿಳಿಸು. ಲಾಲಬಿ ಕೂಸಿಗೆ ಹಸಿರು ಅಂಚಿನ ಕುಂಚಿಗೆ ಹೊಲಿದಿಟ್ಟಿದ್ದಾಳೆ, ತಾನೇ ತೊಡಿಸುತ್ತಾಳಂತೆ, ಕಳಿಸುವುದಿಲ್ಲವಂತೆ. ಸಂಜೆ ಕೂಸಿನ ದೃಷ್ಟಿ ತೆಗೆಯಲು ಮರೆಯಬೇಡ. ಬಸವಣ್ಣ ನಿಮ್ಮಿಬ್ಬರ ತಲೆ ಕಾಯಲಿ.

ನಿನ್ನ ಅತ್ತೆ,
ಗೌರಕ್ಕ

ತಾ.ಕ.: ಬಸವಕಿರಣ ಗರಗಕ್ಕೆ ಹೊರಟು ಗಾಡಿ ಶುರು ಮಾಡಿ ಹಾರ್ನ್ ಹೊಡೆಯುತ್ತಿದ್ದಾನೆ, ಲಗೂನೆ ಬರೆಯುತ್ತೇನೆ. ಪಾಕೀಟಿನಲ್ಲಿ ಗಟ್ಟಿ ಏನೋ ಕೈಗೆ ಹತ್ತುತ್ತದೆ, ಬೀಳಿಸಬೇಡ. ನನ್ನ ಸೊಂಟದಲ್ಲಿದ್ದ ಮಾಳಿಗೆಯ ಕೀಲಿಕೈ ಅದು. ಇನ್ನು ಮೇಲೆ ನಿನ್ನ ಹತ್ತಿರ ಇರಲಿ. ಇದ್ದದ್ದು ಅದೊಂದೇ, ಮಾಳಿಗೆಗೆ ಕೀಲಿ ಹಾಕಿಯೇ ಕಳಿಸಿದ್ದೇನೆ. ವರ್ಷದ ಬ್ಯಾಡಗಿ ಮೆಣಸಿನಕಾಯಿ ಮೂಡಲ ಬಿಸಿಲಿನಲ್ಲಿ ಹರವಿದ್ದು ಹರವಿದ ಹಾಗೇ ಮೇಲಿದೆ. ಕೀಲಿ ಒಡೆಯಲು ನಿನ್ನ ಮಾವನಿಗೆ ನಾನು ಬಿಡುವುದಿಲ್ಲ. ನಿನ್ನೆ ಸಂಜೆ ಪಡುವಲಕ್ಕೆ ಮಿಂಚಿತು. ಅಡ್ಡಮಳೆ ಬರುವುದರೊಳಗೆ ಬಂದು ಬಾಗಿಲು ತೆಗೆ, ನನ್ನವ್ವಾ.